ಪ್ರೆಸ್ಸಿಗೆ ಬಿದ್ದ ಅಕ್ಷತೆ

ಹೋದ ವರ್ಷದವರೆಗೆ ಶನಿವಾರದ ಊಟ ಮುಗಿಸಿ ನಾನು ಹಿಂದಿನ ಕೋಣೆಯ ಕಿಟಕಿಯನ್ನು ಅರ್ಧ ತೆರೆದು ಮಲಗುತ್ತಿದ್ದೆ. ಬಿಸಿಲು ಏರುವ ತಿಂಗಳುಗಳಲ್ಲಿ ಆ ಹೊತ್ತಿಗೆ ಸಮುದ್ರದ ಕಡೆಯಿಂದ ಗಾಳಿ ಬರುತ್ತಿತ್ತು, ಪರದೆ ಉಬ್ಬಿ ಇಳಿಯುತ್ತಿತ್ತು, ಬೇಲಿಯಾಚೆಯ ಗ್ಯಾರೇಜಿನಿಂದ ಒಂದು ಸದ್ದು ಕೇಳುತ್ತಿತ್ತು. ಟಕ್. ಒಂದು ಉಸಿರಿನಷ್ಟು ಬಿಡುವು. ಟುಕ್. ಮತ್ತೆ ಟಕ್. ಅರೆನಿದ್ದೆಯಲ್ಲಿ ಅದು ಒಮ್ಮೆ ಯಾರೋ ಮರದ ಮೆಟ್ಟಿಲು ಇಳಿದು ಬರುತ್ತಿರುವಂತೆ, ಒಮ್ಮೆ ನಾನೇ ರೈಲಿನಲ್ಲಿ ಎಲ್ಲಿಗೋ ಹೋಗುತ್ತಿರುವಂತೆ ಅನಿಸುತ್ತಿತ್ತು. ಪಕ್ಕದ ಮನೆಯ ಮಹಾಬಲೇಶ್ವರ ಪಿಸ್ತೂಲಿನ ಕಾಡತೂಸು ತಯಾರಿಸುತ್ತಿದ್ದ ಸದ್ದು ಅದು. ಗುಂಡು ತುಂಬುವ ಸದ್ದನ್ನು ಜೋಗುಳ ಮಾಡಿಕೊಂಡು ನಿದ್ದೆ ಹೋಗುವ ಹೆಂಗಸು ಈ ಪರ್ತ್ ಊರಿನಲ್ಲಿ ನಾನೊಬ್ಬಳೇ ಇರಬೇಕು.

ನನಗೆ ಬಂದೂಕು ಕಂಡರಾಗದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದೀಪಾವಳಿಯಲ್ಲಿ ಮಕ್ಕಳು ಸುರುಳಿ ಪಟಾಕಿ ಪಿಸ್ತೂಲು ಹಿಡಿದರೂ ಕಿತ್ತುಕೊಳ್ಳುತ್ತಿದ್ದವಳು ನಾನು. ಕ್ಯಾನಿಂಗ್ ವೇಲ್ ಬಡಾವಣೆಯ ಈ ಮನೆಗೆ ಬಂದ ಹೊಸತರಲ್ಲಿ ಪಕ್ಕದವರು ಕನ್ನಡದವರು, ಮೈಸೂರಿನವರು ಎಂದು ಕುಣಿದಾಡಿದೆ. ಮರುವಾರ ಅವರ ಗ್ಯಾರೇಜಿನಲ್ಲಿ ನೆಲಕ್ಕೆ ಬೋಲ್ಟು ಹಾಕಿದ ತಿಜೋರಿ ಕಂಡು, ಅದರೊಳಗೆ ಏನಿದೆ ಎಂದು ತಿಳಿದು, ಗಣಿಯಲ್ಲಿದ್ದ ನನ್ನ ಗಂಡ ರಮಾಕಾಂತನಿಗೆ ಫೋನು ಮಾಡಿ ಕೂಗಾಡಿದೆ. ಅವನು ಎರಡು ವಾರ ಮರಳುಗಾಡಿನ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ ಇರುವ ಮನುಷ್ಯ. “ಲೈಸೆನ್ಸ್ ಇದೆ, ಬೀಗ ಇದೆ, ಇನ್ನೇನು ಬೇಕು ನಿಂಗೆ? ನಿನ್ನ ನಾಲಿಗೆಗಿಂತ ಅದೇ ಸೇಫು,” ಎಂದು ಫೋನಿಟ್ಟ.

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಮಹಾಬಲೇಶ್ವರರ ಮೇಲೆ ಅದು ನಿಲ್ಲುತ್ತಿರಲಿಲ್ಲ. ಅವರು ಮಾತಾಡುವಾಗ ಎಲ್ಲೋ ದೂರದಲ್ಲಿ ಯಾರೋ ಹಾಡುತ್ತಿರುವುದನ್ನು ಕೇಳಿಸಿಕೊಳ್ಳುತ್ತಾ ನಮ್ಮ ಜೊತೆಗೂ ಮಾತಾಡುತ್ತಿದ್ದಾರೆ ಅನ್ನಿಸುತ್ತದೆ. ಚಹಾ ಕುಡಿಯುತ್ತಾ ಕುಡಿಯುತ್ತಾ ಲೋಟ ಖಾಲಿಯಾದದ್ದು ತಿಳಿಯದೆ ಇನ್ನೂ ಎರಡು ಗುಟುಕು ಕುಡಿಯುತ್ತಾರೆ. ಅಂಥವರ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡಲಾದೀತು?

ಅವರು ಓದಿದ್ದು ಮೆಕ್ಯಾನಿಕಲ್. ಉದ್ಯೋಗ, ಯಂತ್ರಗಳು ಯಾಕೆ ಕೆಡುತ್ತವೆ ಎಂದು ಹುಡುಕುವುದು. ಈ ದೇಶಕ್ಕೆ ಮೊದಲು ಬಂದಿಳಿದದ್ದು ಅಡಿಲೇಡಿಗೆ. ಬ್ಲೇರ್ ಅಥಾಲ್‌ನಲ್ಲಿ ಬಾಡಿಗೆ ಮನೆ, ನೀರಿನ ಪಂಪು ಮಾಡುವ ಕಾರ್ಖಾನೆಯಲ್ಲಿ ಕೆಲಸ. ಹೆಂಡತಿ ನಾಗವೇಣಿಯ ವೀಸಾ ಇನ್ನೂ ಬಂದಿರಲಿಲ್ಲ. ಚಳಿಗಾಲ. ಭಾನುವಾರವೆಂದರೆ ಬಟ್ಟೆ ಒಗೆಯುವುದು, ಬೀದಿಯ ತುದಿಯವರೆಗೆ ನಡೆದು ವಾಪಸು ಬರುವುದು. ಇದನ್ನು ನೋಡಲಾರದೆ ಕಾರ್ಖಾನೆಯ ಹಿರಿಯರೊಬ್ಬರು ತಮ್ಮ ಪಿಸ್ತೂಲು ಕ್ಲಬ್ಬಿಗೆ ಕರೆದುಕೊಂಡು ಹೋದರಂತೆ.

“ಗುರಿ ನೋಡ್ಬೇಡ ಅಂದ್ರು ಅವ್ರು,” ಎಂದು ಮಹಾಬಲೇಶ್ವರ ಒಮ್ಮೆ ನನಗೆ ಹೇಳಿದ್ದರು. “ಪಿಸ್ತೂಲಿನ ತುದೀಲಿ ಒಂದು ಸಣ್ಣ ಕಡ್ಡಿ ಇರುತ್ತೆ. ಅದನ್ನೊಂದೇ ನೋಡು, ಗುರಿ ಮಸುಕಾಗ್ಲಿ ಬಿಡು ಅಂದ್ರು. ನೋಡ್ದೆ. ಗುರಿ ಮಸುಕಾಯ್ತು, ಗೋಡೆ ಮಸುಕಾಯ್ತು, ಅಡಿಲೇಡೇ ಮಸುಕಾಗೋಯ್ತು ಶ್ರೀಲಕ್ಷ್ಮಿಯವ್ರೇ. ಆ ಕಡ್ಡಿ ಒಂದೇ ಉಳೀತು. ಅಷ್ಟು ದಿನದಲ್ಲಿ ಮೊದಲನೇ ಸಲ ಮನಸ್ಸು ಸುಮ್ನಾಯ್ತು.”

ನಾನು, “ಅದಕ್ಕೆ ಧ್ಯಾನ ಮಾಡ್ಬೋದಿತ್ತಲ್ಲ?” ಎಂದಿದ್ದೆ. “ಅಲ್ಲಿ ನಿದ್ದೆ ಬಂದ್ಬಿಡುತ್ತೆ,” ಎಂದು ನಕ್ಕಿದ್ದರು.

ಆ ಹಿರಿಯರೇ ತಮ್ಮ ಹಳೆಯ ರೀಲೋಡಿಂಗ್ ಪ್ರೆಸ್ಸನ್ನು ಇವರಿಗೆ ಕೊಟ್ಟದ್ದು. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಕೊಳವೆಯನ್ನು ಬಿಸಾಡದೆ ಅದಕ್ಕೆ ಮತ್ತೆ ಮದ್ದು ತುಂಬಿ, ಮೇಲೆ ಸೀಸದ ಗುಂಡು ಕೂರಿಸಿ ಹೊಸ ಕಾಡತೂಸು ಮಾಡುವ ಯಂತ್ರ. ಮೇಜಿಗೆ ಬಿಗಿದಿರುತ್ತದೆ. ಪಕ್ಕದಲ್ಲಿ ಉದ್ದನೆಯ ಹಿಡಿ. ಹಿಡಿಯನ್ನು ಪೂರ್ತಿ ಕೆಳಗೆ ಎಳೆದು ಪೂರ್ತಿ ಮೇಲೆ ಬಿಟ್ಟರೆ ಕೊಳವೆಗಳನ್ನು ಹೊತ್ತ ತಟ್ಟೆ ಒಂದು ಹೆಜ್ಜೆ ತಿರುಗುತ್ತದೆ, ಮೇಲಿನ ಡಬ್ಬಿಯಿಂದ ಅಳತೆಯ ಮದ್ದು ಬೀಳುತ್ತದೆ. ಪೂರ್ತಿ ಎನ್ನುವುದು ಮುಖ್ಯ. ಅರ್ಧಕ್ಕೆ ಎಳೆದು ಬಿಟ್ಟರೆ ಮದ್ದು ಕಡಿಮೆ ಬೀಳುತ್ತದೆ. ಇಷ್ಟನ್ನು ನಾನು ಬೇಡವೆಂದರೂ ಕಲಿತೆ, ಬೇಲಿಯ ಮೇಲಿಂದ.

ಅಲ್ಲಿಂದ ಬ್ರಿಸ್ಬೇನ್. ಎಯ್ಟ್ ಮೈಲ್ ಪ್ಲೇನ್ಸ್‌ನ ಟೆಕ್ನಾಲಜಿ ಪಾರ್ಕಿನಲ್ಲಿ ಆಸ್ಪತ್ರೆಯ ಯಂತ್ರಗಳನ್ನು ಪರೀಕ್ಷಿಸುವ ಕೆಲಸ. ಪ್ರೆಸ್ಸು ವಾಷಿಂಗ್ ಮಶೀನಿನ ಪಕ್ಕದಲ್ಲಿತ್ತಂತೆ. ಮಗಳು ಕವನಾ ಆ ಸದ್ದಿನಲ್ಲೇ ಓದಿ ಬೆಳೆದು, ಈಗಲೂ ಅಲ್ಲೇ ಇದ್ದಾಳೆ. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಜಕರಂಡ ಹೂವು ಉದುರಿ ಬೀದಿಯೆಲ್ಲ ನೇರಳೆಯಾದ ಒಂದು ಮುಂಜಾನೆ, ಹೆದ್ದಾರಿಯ ಮೊರೆತವನ್ನು ಕಾವೇರಿ ಎಂದುಕೊಂಡು ಎದ್ದು ಕೂತಿದ್ದನ್ನು ಮಹಾಬಲೇಶ್ವರ ಎಷ್ಟೋ ಸಲ ಹೇಳುತ್ತಾರೆ. ಆಮೇಲೆ ಪರ್ತ್. ಇಲ್ಲಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗಣಿಯ ಪಂಪುಗಳು. ಅವರು ಹೇಳುವಾಗ ಮೂರೂ ಊರು ಕಲಸಿಹೋಗುತ್ತವೆ. ಅಡಿಲೇಡಿನ ಬೀದಿಯಲ್ಲಿ ಬ್ರಿಸ್ಬೇನಿನ ಹೂವು ಉದುರುತ್ತದೆ, ಅದರ ಮೇಲೆ ಪರ್ತಿನ ಗಾಳಿ ಬೀಸುತ್ತದೆ. ಕಲಸದೆ ಉಳಿದದ್ದು ಆ ಪ್ರೆಸ್ಸು ಒಂದೇ.

ನಾಗವೇಣಿ ಇದಕ್ಕೆಲ್ಲ ತದ್ವಿರುದ್ಧ. ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಮಾತು ಚುರುಕು, ನಡಿಗೆ ಚುರುಕು. ಗಂಡ ಕನಸು ಕಾಣಲಿ ಎಂದೇ ಮನೆಯ ಎಚ್ಚರವನ್ನೆಲ್ಲ ತಾನು ಹೊತ್ತುಕೊಂಡವಳು. ನನ್ನನ್ನು “ಶ್ರೀ, ಬಾರೇ” ಎಂದು ಬೇಲಿಯಾಚೆಯಿಂದ ಕರೆಯುವಾಗ ಎರಡು ಬೀದಿಗೆ ಕೇಳಿಸುತ್ತದೆ.

ಆಯುಧಪೂಜೆ ಅವಳ ಹಬ್ಬ. ಕಾರಿಗೆ, ಲ್ಯಾಪ್‌ಟಾಪಿಗೆ, ಮಿಕ್ಸಿಗೆ, ಹುಲ್ಲು ಕತ್ತರಿಸುವ ಯಂತ್ರಕ್ಕೆ, ಎಲ್ಲಕ್ಕೂ ಅರಿಶಿನ ಕುಂಕುಮ. ತಿಜೋರಿಯ ಬಾಗಿಲಿಗೆ ಹೊರಗಿನಿಂದಲೇ ಒಂದು ಬೊಟ್ಟು. ಪ್ರೆಸ್ಸಿಗೆ ಮಾತ್ರ ಹೂವು, ಗಂಧ, ಧಾರಾಳ ಅಕ್ಷತೆ, ಕೊನೆಗೆ ಆರತಿ. ಅವತ್ತು ಅದಕ್ಕೆ ರಜೆ, ಯಾರೂ ಮುಟ್ಟುವಂತಿಲ್ಲ. ಮದ್ದು ಬೇರೆ ಕಪಾಟಿನಲ್ಲಿ ಭದ್ರವಾಗಿರುವುದರಿಂದ ಆರತಿಗೇನೂ ಅಡ್ಡಿಯಿಲ್ಲ. ಪ್ರತಿವರ್ಷ ಮಹಾಬಲೇಶ್ವರ ಪೂಜೆಗೆ ಮುಂಚೆ ಪ್ರೆಸ್ಸಿನ ಮೇಲಿನ ಖಾಲಿ ಡಬ್ಬಿಗೆ ಮುಚ್ಚಳ ಹಾಕಿ, ಮರುದಿನ ಕುಂಚದಿಂದ ಎಲ್ಲ ಗುಡಿಸಿ ತೆಗೆಯುತ್ತಿದ್ದರು. ಹೋದ ವರ್ಷ ಮುಚ್ಚಳ ಹಾಕುವುದು ಮರೆತರು. ನಾಗವೇಣಿಯೂ ಅದಕ್ಕೆ ಗಮನ ಕೊಡಲಿಲ್ಲ. ಮಂತ್ರ ಹೇಳುತ್ತಾ ಹಿಡಿ ತುಂಬ ಅಕ್ಷತೆ ಎರಚಿದಳು.

ಆ ಹಬ್ಬದ ಹೊತ್ತಿಗೆ ಅವರಿಗೊಂದು ಸಂತೋಷದ ಸುದ್ದಿ ಬಂದಿತ್ತು. ಇಲ್ಲಿನ ರಾಜ್ಯದ ಹಿರಿಯರ ಪಿಸ್ತೂಲು ತಂಡಕ್ಕೆ ಆಯ್ಕೆಯಾಗಿದ್ದರು. ಪಂದ್ಯ ಅಡಿಲೇಡಿನಲ್ಲಿ. ಮೊದಲ ಸಲ ಪಿಸ್ತೂಲು ಹಿಡಿದ ಊರಿನಲ್ಲೇ. ಅವರು ಅದನ್ನು ದೊಡ್ಡದಾಗಿ ಹೇಳಿಕೊಳ್ಳಲಿಲ್ಲ. ಆದರೆ ಕಸದ ತೊಟ್ಟಿಯನ್ನು ಬೀದಿಗೆ ತಳ್ಳಿಕೊಂಡು ಹೋಗುವಾಗ ಸಿಳ್ಳೆ ಹಾಕುತ್ತಿದ್ದರು.

ಹಬ್ಬದ ನಂತರದ ಭಾನುವಾರ ಕ್ಲಬ್ಬಿನಲ್ಲಿ ಬಾರ್ಬಿ ಇತ್ತು, ಬಯಲಲ್ಲಿ ಕೆಂಡದ ಮೇಲೆ ಸುಟ್ಟು ತಿನ್ನುವ ಊಟ. ನಾಗವೇಣಿ ನನ್ನನ್ನೂ ಎಳೆದುಕೊಂಡು ಹೋದಳು. ನಾವು ಗಾಜಿನ ಹಿಂದೆ ಕೂತು ಜೋಳದ ತೆನೆ ತಿನ್ನುತ್ತಿದ್ದೆವು. ಹೊರಗೆ ನೀಲಗಿರಿ ಮರಗಳ ಮೇಲೆ ಬಿಸಿಲು ಬೆಣ್ಣೆಯಂತೆ ಕೂತಿತ್ತು. ಕಿವಿಗೆ ಮುಚ್ಚಳ ಹಾಕಿಕೊಂಡಿದ್ದರಿಂದ ಗುಂಡಿನ ಸದ್ದು ಎಲ್ಲೋ ಬೇರೆಯವರ ಕನಸಿನಲ್ಲಿ ಆಗುತ್ತಿರುವಂತಿತ್ತು. ಮಹಾಬಲೇಶ್ವರ ಒಂದೇ ಸಮನೆ ಹಾರಿಸುತ್ತಿದ್ದರು. ಢಬ್. ಢಬ್. ಆಮೇಲೆ ಢಬ್ ಎನ್ನಲಿಲ್ಲ. ಸೈಕಲ್ ಟ್ಯೂಬಿನಿಂದ ಗಾಳಿ ಹೋದಂತೆ ಪುಸ್ ಎಂದಿತು.

“ಸ್ಟಾಪ್!” ಎಂದು ಟ್ರೆವರ್ ಕಿರುಚಿದ. ಅವನು ಅಲ್ಲಿನ ಮೇಲ್ವಿಚಾರಕ, ಕೆಂಪು ಟೋಪಿಯ ಆಜಾನುಬಾಹು. ಮಹಾಬಲೇಶ್ವರರ ಬೆರಳು ಮುಂದಿನ ಗುಂಡಿಗೆ ಟ್ರಿಗರ್ ಮೇಲೆ ಆಗಲೇ ಇತ್ತು. ಅಲ್ಲೇ ನಿಂತಿತು.

ಬಿಚ್ಚಿ ನೋಡಿದರೆ ಗುಂಡು ಹೊರಗೆ ಹೋಗದೆ ನಳಿಗೆಯ ಮಧ್ಯದಲ್ಲೇ ಸಿಕ್ಕಿಕೊಂಡಿತ್ತು. ಕಾಡತೂಸಿನಲ್ಲಿ ಮದ್ದು ಸಾಕಾಗಿರಲಿಲ್ಲ. ಅದರ ಹಿಂದೆ ಇನ್ನೊಂದು ಗುಂಡು ಹಾರಿದ್ದರೆ ನಳಿಗೆ ಸೀಳಿ ಕೈಯಲ್ಲೇ ಒಡೆಯುತ್ತಿತ್ತು. ಇದನ್ನು ಟ್ರೆವರ್ ನನಗೆ ತಾಳ್ಮೆಯಿಂದ ವಿವರಿಸಿದ. ನನ್ನ ಕೈಯಲ್ಲಿದ್ದ ಜೋಳದ ತೆನೆ ತಣ್ಣಗಾಯಿತು. ನಾಗವೇಣಿ ಗಂಡನ ಬಲಗೈಯನ್ನೇ ನೋಡುತ್ತಿದ್ದಳು. ಟ್ರೆವರ್ ಹೇಳಿದ್ದು ಇಷ್ಟೇ: ಮೇಟ್, ತಪ್ಪು ಎಲ್ಲಿದೆ ಹುಡುಕು, ಹುಡುಕುವವರೆಗೆ ನೀನು ಹಾರಿಸುವಂತಿಲ್ಲ, ಇಲ್ಲೂ ಇಲ್ಲ, ಅಡಿಲೇಡಿನಲ್ಲೂ ಇಲ್ಲ.

ವಾಪಸು ಬರುವಾಗ ನಾಗವೇಣಿಯೇ ಕಾರು ಓಡಿಸಿದಳು. ಹಿಂದೆ ಕೂತ ನಾನು ಬಾಯಿ ಮುಚ್ಚಿಕೊಂಡಿರಲಾರದೆ, “ಅಂಗಡೀಲಿ ರೆಡಿಮೇಡ್ ಸಿಗಲ್ವಾ? ಅದನ್ನೇ ತಗೊಂಡು ಹೋಗಿ ಅಡಿಲೇಡಿಗೆ,” ಎಂದೆ.

“ಸಿಗುತ್ತೆ,” ಎಂದರು ಮಹಾಬಲೇಶ್ವರ. “ಪ್ರಶ್ನೆ ಅದಲ್ಲ. ತಪ್ಪು ಪ್ರೆಸ್ಸಿಂದಾದ್ರೆ ರಿಪೇರಿ ಮಾಡ್ತೀನಿ. ಪ್ರೆಸ್ಸಿಂದಲ್ದಿದ್ರೆ ಅದನ್ನ ಎಳೆಯೋ ಕೈಯ್ದು ತಪ್ಪು. ನಾನು ಹೇಳ್ದಂಗೆ ಕೇಳ್ದೇ ಇರೋ ಕೈಯಲ್ಲಿ ಪಿಸ್ತೂಲು ಹಿಡೀಬಾರ್ದು. ಆಗ ಅಡಿಲೇಡೂ ಇಲ್ಲ, ಭಾನುವಾರಾನೂ ಇಲ್ಲ. ಮುಗೀತು.”

“ಸುಮ್ನಿರ್ರೀ,” ಎಂದಳು ನಾಗವೇಣಿ. “ಹಳೇ ಮಶೀನು, ಕೆಟ್ಟಿರುತ್ತೆ ಅಷ್ಟೆ.”

ಅವತ್ತಿನಿಂದ ಬೇಲಿಯಾಚೆಯ ಸದ್ದು ಬದಲಾಯಿತು. ಟಕ್ ಎಂದರೆ ಟುಕ್ ಎನ್ನುತ್ತಿರಲಿಲ್ಲ, ಸ್ಪ್ಯಾನರ್ ಬಿದ್ದ ಸದ್ದು ಬರುತ್ತಿತ್ತು. ಮಾಡಿಟ್ಟಿದ್ದ ಕಾಡತೂಸುಗಳನ್ನೆಲ್ಲ ಬಿಚ್ಚಿ ತೂಗಿದರು. ಹೆಚ್ಚಿನವು ಸರಿಯಾಗಿದ್ದವು, ಅಲ್ಲೊಂದು ಇಲ್ಲೊಂದು ಕಡಿಮೆ. ಯಾವಾಗಲೂ ಕೆಡುವ ಯಂತ್ರವನ್ನು ಹಿಡಿಯಬಹುದು, ಒಮ್ಮೊಮ್ಮೆ ಕೆಡುವುದನ್ನು ಹಿಡಿಯುವುದು ದೇವರಿಗೇ ಪ್ರೀತಿ ಎನ್ನುತ್ತಿದ್ದರು. ಅವರದ್ದೊಂದು ಶಿಸ್ತು: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ಎರಡು ಬದಲಾಯಿಸಿದರೆ ಸರಿಹೋದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಸ್ಪ್ರಿಂಗ್ ಬದಲಾಯಿಸಿದರು, ಪರೀಕ್ಷಿಸಿದರು. ತಟ್ಟೆ ಬದಲಾಯಿಸಿದರು, ಪರೀಕ್ಷಿಸಿದರು. ಮೇಜಿನ ಕಾಲಿಗೆ ಆಸರೆ ಕೊಟ್ಟರು. ಸಿಳ್ಳೆ ನಿಂತುಹೋಗಿತ್ತು. ನಾನು ಮಲಗಿದರೂ ನಿದ್ದೆ ಹತ್ತುತ್ತಿರಲಿಲ್ಲ.

ಒಂದು ಸಂಜೆ ನಾಗವೇಣಿ ಕಣ್ಣು ಒರೆಸಿಕೊಳ್ಳುತ್ತಾ ಗ್ಯಾರೇಜಿಗೆ ಬಂದಳು. ನಾನು ಕರಿಬೇವು ಕೇಳಲು ಹೋದವಳು ಬಾಗಿಲಲ್ಲಿದ್ದೆ. “ರೀ, ಅದು ನಂದೇ ತಪ್ಪು,” ಎಂದಳು. “ಆಯುಧಪೂಜೆ ದಿನ ಡಬ್ಬಿ ಬಾಯಿ ತೆರೆದಿತ್ತು. ನಾನು ಅಕ್ಷತೆ ಹಾಕ್ದೆ. ಒಳಗೆ ಬಿದ್ದಿರುತ್ತೆ. ಬಿಚ್ಚಿ ನೋಡಿ.”

ಮಹಾಬಲೇಶ್ವರ ಅವಳನ್ನೇ ನೋಡಿದರು. ಆಮೇಲೆ ಡಬ್ಬಿ ಕಳಚಿ, ಅದರ ಕೆಳಗೆ ಮದ್ದನ್ನು ಅಳೆದು ಬಿಡುವ ಜಾರುಪಟ್ಟಿಯನ್ನು ಹೊರಗೆಳೆದು, ಟಾರ್ಚು ಬಿಟ್ಟರು. ಪಟ್ಟಿಯ ಮೂಲೆಯ ಸಂದಿಯಲ್ಲಿ ಒಂದು ಅಕ್ಕಿಕಾಳು. ಅರಿಶಿನ ಹತ್ತಿದ ನುಚ್ಚುಕಾಳು.

ಅವರು ನಕ್ಕಿದ್ದನ್ನು ನಾನು ಅಷ್ಟು ಜೋರಾಗಿ ಎಂದೂ ಕೇಳಿರಲಿಲ್ಲ. ಕಾಳನ್ನು ಅಂಗೈಯಲ್ಲಿಟ್ಟುಕೊಂಡು ಕುಣಿಯುವುದೊಂದು ಬಾಕಿ. “ಅಕ್ಕಿ ಕಣೇ! ಅಕ್ಕಿ! ನನ್ನ ಕೈಯಲ್ಲ!” ನನಗೂ ಕಣ್ಣು ತುಂಬಿತು. ಹೇಳಲು ನಾಚಿಕೆಯೇನು, ಬಂದೂಕು ಕಂಡರಾಗದ ನಾನು ಅವತ್ತು ಅವರು ಮತ್ತೆ ಗುಂಡು ಹಾರಿಸುತ್ತಾರೆಂದು ಹಿಗ್ಗಿದೆ. ನಾಗವೇಣಿ ಕೇಸರಿಬಾತು ಮಾಡಿದಳು. ಸುದ್ದಿ ಕ್ಲಬ್ಬಿಗೂ ಹೋಯಿತು. ಟ್ರೆವರ್ ಒಂದು ತಟ್ಟೆ ಫ್ರೈಡ್ ರೈಸ್ ತರಿಸಿ ಮಹಾಬಲೇಶ್ವರರ ಮುಂದಿಟ್ಟು, ಇಷ್ಟು ಅಕ್ಕಿಗೆ ಎಷ್ಟು ಗುಂಡು ಸಿಕ್ಕಿಕೊಳ್ಳುತ್ತೆ ಎಂದು ಕಿಚಾಯಿಸಿದನಂತೆ. ಅಡಿಲೇಡಿಗೆ ಇಬ್ಬರಿಗೂ ಟಿಕೆಟ್ ಆಯಿತು.

ಆದರೆ ಅವರು ಅಷ್ಟಕ್ಕೇ ಬಿಡುವವರಲ್ಲ. ಸರಿಹೋಯಿತು ಎನ್ನುವ ಮುಂಚೆ ಹೊಸದಾಗಿ ಮಾಡಿ, ಒಂದೊಂದನ್ನೂ ತೂಗಬೇಕು. ಮಾಡಿದರು, ತೂಗಿದರು. ಮತ್ತೆ ಅಲ್ಲೊಂದು ಇಲ್ಲೊಂದು ಕಡಿಮೆ.

ಮರುದಿನ ನಾನು ನಾಗವೇಣಿಯ ಅಡುಗೆಮನೆಗೆ ಹೋದಾಗ ಅವಳು ಸಿಂಕಿನ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದಳು. ಅಂಗೈಯಲ್ಲಿ ಎರಡೋ ಮೂರೋ ಅಕ್ಕಿಕಾಳು, ಅದಕ್ಕೆ ಬೆರಳಿನಿಂದ ಅರಿಶಿನ ತೀಡುತ್ತಿದ್ದಳು. “ಯಾವ ಪೂಜೆಯೇ ಇವತ್ತು?” ಎಂದೆ. “ಇದೆ ಒಂದು,” ಎಂದಳು, ನನ್ನ ಮುಖ ನೋಡದೆ. ಆಮೇಲೆ ನಾನು ಹಿಂಬಾಲಿಸುತ್ತಿದ್ದಂತೆ ಗ್ಯಾರೇಜಿಗೆ ಹೋಗಿ, ಗಂಡ ಬಿಚ್ಚಿ ಹರಡಿದ್ದ ಭಾಗಗಳ ನಡುವೆ ಕೈಯಾಡಿಸಿ, “ನೋಡಿ, ಇಲ್ಲೊಂದಿದೆ! ಇನ್ನೂ ಇತ್ತು ಒಳಗೆ!” ಎಂದು ಕೂಗಿದಳು.

ಇದೇನು ನಾಟಕ ಎಂದು ನನಗೆ ಮೈ ಉರಿಯಿತು. ಪ್ರಾಣದ ವಿಷಯದಲ್ಲಿ ಯಾರಾದರೂ ಹೀಗೆ ಆಡುತ್ತಾರಾ? ಬೈಯಬೇಕೆಂದು ಬಾಯಿ ತೆರೆದೆ. ಅವಳು ತಿರುಗಿ ನನ್ನನ್ನು ನೋಡಿದ ರೀತಿಗೆ ಬಾಯಿ ತಾನಾಗಿ ಮುಚ್ಚಿತು. ಮಹಾಬಲೇಶ್ವರ ಆ ಕಾಳನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಹೂಂ, ಇರ್ಬೋದು,” ಎಂದರು. ಈ ಸಲ ನಗಲಿಲ್ಲ.

ಬಂದ ಶನಿವಾರ ನಾಗವೇಣಿ ತರಕಾರಿಗೆ ಹೋಗಿದ್ದಳು. ನಾನು ಕಿಟಕಿ ತೆರೆದು ಮಲಗಿದ್ದೆ. ಗಾಳಿ ಬಂದಿತ್ತು, ಕಣ್ಣು ಇನ್ನೇನು ಮುಚ್ಚಬೇಕು, ಬೇಲಿಯ ಮೇಲೆ ಮಹಾಬಲೇಶ್ವರರ ತಲೆ ಕಾಣಿಸಿತು.

“ಶ್ರೀಲಕ್ಷ್ಮಿಯವ್ರೇ, ಮಲ್ಗಿಬಿಟ್ರಾ? ನಿಮ್ಮತ್ರ ಚಿರೋಟಿ ರವೆ ಇದ್ಯಾ? ಒಂದು ಲೋಟ?”

“ಚಿರೋಟಿ ಮಾಡ್ತೀರಾ?”

“ಇಲ್ಲ. ನೀವೂ ಬನ್ನಿ.”

ಗ್ಯಾರೇಜಿನ ಬಾಗಿಲು ಅರ್ಧ ಎತ್ತಿತ್ತು. ಬಿಸಿಲಿನ ಪಟ್ಟಿಯಲ್ಲಿ ಧೂಳು ತೇಲುತ್ತಿತ್ತು. ಪ್ರೆಸ್ಸನ್ನು ಪೂರ್ತಿ ತೊಳೆದು ಒರೆಸಿ ಜೋಡಿಸಿದ್ದರು, ಹೊಸದರಂತೆ ಹೊಳೆಯುತ್ತಿತ್ತು. ಮದ್ದಿನ ಕಪಾಟಿಗೆ ಬೀಗ ಹಾಕಿತ್ತು. ಡಬ್ಬಿಗೆ ಮದ್ದಿನ ಬದಲು ನನ್ನ ರವೆ ಸುರಿದರು. ಖಾಲಿ ಹಿತ್ತಾಳೆ ಕೊಳವೆಗಳನ್ನು ಜೋಡಿಸಿದರು. ಪಕ್ಕದಲ್ಲಿ ಚಿನ್ನದಂಗಡಿಯಲ್ಲಿರುವಂಥ ಪುಟ್ಟ ತಕ್ಕಡಿ, ಅಂಕಿ ತೋರಿಸುವಂಥದ್ದು.

“ಸ್ಪ್ರಿಂಗ್ ಬದಲಾಯ್ಸಿದ್ದೀನಿ, ತಟ್ಟೆ ಬದಲಾಯ್ಸಿದ್ದೀನಿ, ಎಲ್ಲಾ ಬದಲಾಯ್ಸಿದ್ದೀನಿ,” ಎಂದರು. “ಒಂದನ್ನ ಬದಲಾಯ್ಸಿಲ್ಲ. ಅದನ್ನ ಬೇಕಂತಲೇ ಕೊನೇಗೆ ಇಟ್ಕೊಂಡಿದ್ದೆ. ನೀವು ಎಳೀರಿ.”

“ನಾನಾ? ನನಗೇನ್ ಬರುತ್ತೆ?”

“ಬರದೇ ಇರೋದೇ ಒಳ್ಳೇದು. ಪೂರ್ತಿ ಕೆಳಗೆ, ಪೂರ್ತಿ ಮೇಲೆ. ಅಷ್ಟೆ.”

ಹಿಡಿ ಎಳೆದೆ. ಟಕ್. ಬಿಟ್ಟೆ. ಟುಕ್. ಇಷ್ಟು ವರ್ಷ ನಿದ್ದೆಯಲ್ಲಿ ಕೇಳಿದ ಸದ್ದು ನನ್ನ ಕೈಯಿಂದಲೇ ಬರುತ್ತಿತ್ತು. ನಾನೇ ನನ್ನ ಕನಸಿನೊಳಗೆ ಹೋಗಿ ಕೂತಂತಾಯಿತು. ಅವರು ಒಂದೊಂದೇ ಕೊಳವೆ ತೆಗೆದು ರವೆಯನ್ನು ತಕ್ಕಡಿಗೆ ಸುರಿದರು. ಅದೇ ಅಂಕಿ. ಅದೇ ಅಂಕಿ. ಮತ್ತೆ ಅದೇ ಅಂಕಿ. ತಟ್ಟೆ ತುಂಬ ಎಳೆದೆ, ಒಂದೂ ತಪ್ಪಲಿಲ್ಲ. ನನಗೆ ಹೆಮ್ಮೆಯೇ ಆಯಿತು, ಬೇಡದ ಹೊತ್ತಿನಲ್ಲಿ.

“ಈಗ ನಾನು. ನೀವು ನನ್ನ ಕೈ ನೋಡ್ತಾ ಇರಿ.”

ಅವರು ಎಳೆದರು. ಚೆನ್ನಾಗಿಯೇ ಎಳೆದರು, ನನಗಿಂತ ಎಷ್ಟೋ ಸಲೀಸಾಗಿ. ಎರಡನೆಯದು, ಮೂರನೆಯದು. ಆಮೇಲೆ ಹಿಡಿ ಅರ್ಧ ದಾರಿಯಲ್ಲಿದ್ದಾಗ ಕೈ ನಿಂತಿತು. ಮಾತಾಡುತ್ತಾ ಆಡುತ್ತಾ ಒಂದು ಪದ ಮರೆತವರು ನಿಲ್ಲುತ್ತಾರಲ್ಲ, ಹಾಗೆ. ನಿಂತು, ತಳ ಮುಟ್ಟದೆ, ಮೆಲ್ಲಗೆ ಮೇಲಕ್ಕೆ ಬಂತು. ಅವರು ಮುಂದಿನದನ್ನು ಎಳೆಯತೊಡಗಿದರು.

“ನಿಲ್ತು,” ಎಂದೆ.

“ಏನು?”

“ಕೈ. ಅರ್ಧಕ್ಕೇ ವಾಪಸ್ ಬಂತು.”

“ಇಲ್ವಲ್ಲ. ಪೂರ್ತಿ ಎಳೆದ್ನಲ್ಲ.”

ಆ ಕೊಳವೆಯನ್ನು ನಾನೇ ತೋರಿಸಿದೆ. ಸುರಿದರು. ಅಂಕಿ ಕಡಿಮೆ ಇತ್ತು. ಮತ್ತೆ ಎಳೆದರು, ಈ ಸಲ ಕೈಯನ್ನೇ ನೋಡುತ್ತಾ. ನೋಡುವಾಗ ನಿಲ್ಲಲಿಲ್ಲ. ನೋಟ ಅತ್ತ ಇತ್ತ ಹೋದಾಗ ನಿಂತಿತು. ಪ್ರತಿ ಸಲ ನಾನು ಹೇಳಿದ ಮೇಲೆಯೇ ಅವರಿಗೆ ತಿಳಿದದ್ದು. ನನಗೆ ನಿಜಕ್ಕೂ ಭಯವಾಯಿತು. ಅವರ ಕೈ ಅವರಿಗೆ ಹೇಳದೆ ಎಲ್ಲಿಗೋ ಹೋಗಿ ಬರುತ್ತಿತ್ತು.

ಮಹಾಬಲೇಶ್ವರ ಸ್ಟೂಲಿನ ಮೇಲೆ ಕೂತರು. ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಬೇರೆ ಯಾರದ್ದೋ ಎಂಬಂತೆ ನೋಡಿದರು. “ಸಿಕ್ತು ನೋಡಿ,” ಎಂದರು. ಹುಡುಕುತ್ತಿದ್ದ ತಪ್ಪು ಸಿಕ್ಕಾಗ ಕೆಲಸದಲ್ಲಿ ಹೇಳುವ ದನಿಯಲ್ಲೇ ಹೇಳಿದರು.

“ಆಯಾಸ ಇರ್ಬೋದು,” ಎಂದೆ. “ಒಂದು ಪಂದ್ಯ ಮುಗ್ಸಿಬಿಟ್ಟು ಆಮೇಲೆ ತೋರ್ಸಿದ್ರಾಯ್ತು. ಎಲ್ರೂ ಅಕ್ಕಿ ಅಂತ ಒಪ್ಕೊಂಡಾಗಿದೆ. ಯಾರು ಕೇಳ್ತಾರೆ?” ಈ ಮಾತು ನನ್ನ ಬಾಯಿಂದ ಬಂತೆಂದರೆ ಈಗಲೂ ನನಗೆ ನಂಬಿಕೆಯಾಗುವುದಿಲ್ಲ.

ಅವರು ಬಾಗಿಲಾಚೆ ನೋಡಿದರು. ಒಂದು ಘಳಿಗೆ ಅವರೂ ಅದನ್ನೇ ಯೋಚಿಸಿದರೆಂದು ನನಗೆ ಗೊತ್ತು. ಅಡಿಲೇಡು ಅವರ ಕಣ್ಣ ಮುಂದೆ ಬಂದು ನಿಂತಿತ್ತು. ಆಮೇಲೆ, “ಅಲ್ಲಿ ನನ್ನ ಪಕ್ಕದಲ್ಲಿ ಇನ್ನೊಬ್ಬ ನಿಂತಿರ್ತಾನಲ್ಲ,” ಎಂದರು.

ಅಷ್ಟರಲ್ಲಿ ಕಾರು ಬಂತು. ನಾಗವೇಣಿ ಚೀಲ ಹಿಡಿದು ಒಳಗೆ ಬಂದವಳು ಮೇಜಿನ ಮೇಲಿನ ರವೆ, ತಕ್ಕಡಿ, ನನ್ನ ಮುಖ, ಎಲ್ಲ ನೋಡಿದಳು. ನಾನು ಹೊರಡಲು ಎದ್ದೆ. ಬಾಗಿಲವರೆಗೆ ಹೋಗಿ ಅಲ್ಲೇ ನಿಂತೆ.

“ನಾಗೂ, ಅಕ್ಷತೆ ಅಲ್ಲ ಕಣೇ,” ಎಂದರು ಮಹಾಬಲೇಶ್ವರ. “ನಿನ್ನ ತಪ್ಪೇನಿಲ್ಲ. ನೀನು ಅಷ್ಟು ನೊಂದ್ಕೊಂಡೆ. ನನ್ನ ಕೈಯ್ದು.”

“ಅಕ್ಷತೇನೇ,” ಎಂದಳು. ಚೀಲ ಇನ್ನೂ ಕೈಯಲ್ಲೇ ಇತ್ತು. “ಸರಿಯಾಗಿ ನೋಡಿ. ಇನ್ನೂ ಇರುತ್ತೆ ಒಳಗೆ.”

“ಎರಡನೇ ಕಾಳು ನೀನು ತಂದು ಇಟ್ಟಿದ್ದು. ಅರಿಶಿನ ಇನ್ನೂ ಬೆರಳಿಗೆ ಹತ್ತುತ್ತಿತ್ತು.”

ಅವಳು ಚೀಲ ಕೆಳಗಿಟ್ಟಳು. ಒಂದು ಟೊಮೇಟೊ ಉರುಳಿ ಕಾರಿನ ಕೆಳಗೆ ಹೋಯಿತು, ಯಾರೂ ಎತ್ತಿಕೊಳ್ಳಲಿಲ್ಲ. “ಗಣೇಶನ ಹಬ್ಬದಿಂದ ನೋಡ್ತಿದ್ದೀನಿ,” ಎಂದಳು. “ಅಂಗಿ ಗುಂಡಿ ಹಾಕ್ತಾ ಹಾಕ್ತಾ ನಿಲ್ಲುತ್ತೆ. ಕಾಫಿ ಬಗ್ಗಿಸ್ತಾ ನಿಲ್ಲುತ್ತೆ. ನೀವೆಲ್ಲೋ ಇರ್ತೀರಿ, ನಿಮಗೆ ಗೊತ್ತೇ ಆಗಲ್ಲ. ದಿನಾ ಆಸ್ಪತ್ರೇಲಿ ಇಂಥ ನರದ ಕಾಯಿಲೆಯವ್ರಿಗೇ ಮಾತ್ರೆ ಕಟ್ಟಿ ಕೊಡ್ತೀನಿ ರೀ ನಾನು. ಆದ್ರೂ ನಿಮಗೆ ಹೇಳೋಕೆ ಬಾಯಿ ಬರ್ಲಿಲ್ಲ. ಅವತ್ತು ಕ್ಲಬ್ಬಲ್ಲಿ ಎದೆ ನಿಂತೋಯ್ತು. ಆಮೇಲೆ ಡಬ್ಬಿ ಮುಚ್ಚಿರ್ಲಿಲ್ಲ ಅಂತ ನೆನಪಾಯ್ತು. ಒಳಗೆ ಆ ಕಾಳು ಸಿಕ್ತಲ್ಲ, ನನ್ನಷ್ಟು ಸಂತೋಷ ಪಟ್ಟೋರು ಯಾರೂ ಇಲ್ಲ.”

“ಸಂತೋಷನಾ? ತಪ್ಪು ನಂದು ಅಂತ ಅಳ್ತಿದ್ಯಲ್ಲೇ?”

“ನಂದೇ ಆಗಿರ್ಲಿ ಅಂತ ಅತ್ತಿದ್ದು.” ಅವಳು ಗಂಡನ ಮುಂದೆ ನೆಲದ ಮೇಲೆ ಕೂತು ಆ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡಳು. “ನನ್ನ ತಪ್ಪಾಗಿದ್ರೆ ಗುಡಿಸಿದ್ರೆ ಹೋಗ್ತಿತ್ತಲ್ಲ ರೀ.”

ಮಹಾಬಲೇಶ್ವರ ಎಡಗೈಯಲ್ಲಿ ಫೋನು ತೆಗೆದು ಟ್ರೆವರ್‌ನ ನಂಬರು ಒತ್ತಿದರು. ತಾನು ಇನ್ನು ಹಾರಿಸುವುದಿಲ್ಲವೆಂದು, ತಪ್ಪು ಸಿಕ್ಕಿತೆಂದು, ಪ್ರೆಸ್ಸು ಸರಿಯಾಗಿಯೇ ಇದೆಯೆಂದು ಹೇಳಿದರು. ಬಲಗೈಯನ್ನು ಅವಳು ಬಿಟ್ಟುಕೊಡಲಿಲ್ಲ.